ಬಡಿಸುವವರ ಸಾಲಿನಲ್ಲಿ

ಸಹಾಯಾರ್ಥ ನಾಟಕಗಳು ನಮ್ಮ ಸೀಮೆಗೆ ಹೊಸವಲ್ಲ. ಈಗ ಸಹಾಯಾರ್ಥ ಓಟಗಳೂ ಬಂದಿವೆ. ಓಡುವವರು ಪ್ರವೇಶಧನ ತೆತ್ತು, ಪರಿಚಿತರಿಂದ ಚಂದಾ ಎತ್ತಿ, ಆ ಹಣವನ್ನು ಸತ್ಕಾರ್ಯಕ್ಕೆ ಒಪ್ಪಿಸುತ್ತಾರೆ. ಅಂಥದೊಂದು ಓಟಕ್ಕೆ ಹೆಸರು ಬರೆಸಲು ನಾನೂ ನನ್ನ ಗಾಲಿಕುರ್ಚಿಯಲ್ಲಿ ಹೋದೆ. “ನಿನಗ್ಯಾಕಪ್ಪಾ ಈ ಶ್ರಮ? ಓಟ ನಡೆಸೋದೇ ನಿಮ್ಮಂಥವರಿಗಾಗಿ. ವೇದಿಕೆ ಮೇಲೆ ಕೂತಿರು, ಸಾಕು” ಎಂದು ಹಿರಿಯರೊಬ್ಬರು ಅಕ್ಕರೆಯಿಂದ ಹೇಳಿದರು. ಕೂತೆ. ಹಾರವನ್ನೂ ಹಾಕಿದರು. ಸಹಪಾಠಿಗಳು ಬೆವರು ಸುರಿಸುತ್ತ ಬಂದು ಗುರಿ ಮುಟ್ಟಿದಾಗ ಚಪ್ಪಾಳೆ ತಟ್ಟುವುದಷ್ಟೇ ನನ್ನ ಪಾಲಿಗೆ ಉಳಿಯಿತು.

ಅವರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಕರುಣೆಯೆಂಬುದು ನಮ್ಮ ನಾಡಿನ ಹಳೆಯ ಗುಣ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಮಠದಲ್ಲಿ ಬಡವರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ ಅನ್ನವಿಕ್ಕುತ್ತಿದ್ದರೆಂದು 1162ರ ಶಾಸನವೊಂದು ಹೇಳುತ್ತದೆ. ಇದು ಹೆಮ್ಮೆಪಡಬೇಕಾದ ಮಾತೇ ಸರಿ. ಆದರೆ ಎಂಟು ಶತಮಾನಗಳು ಕಳೆದ ಮೇಲೂ ನಾವು ಉಣ್ಣುವವರ ಪಂಕ್ತಿಯಲ್ಲೇ ಕುಳಿತಿರಬೇಕೆ? ಬಡಿಸುವವರ ಸಾಲಿಗೆ ಬರುವುದು ಬೇಡವೆ? ಕಾಯಕವನ್ನೂ ದಾಸೋಹವನ್ನೂ ಬೋಧಿಸಿದ ಶರಣರು ಅದರಿಂದ ಯಾರನ್ನೂ ಹೊರಗಿಡಲಿಲ್ಲ.

ಅಪಾಯವಲ್ಲವೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಜಲ್ಲಿ ಎದ್ದ ರಸ್ತೆಯಲ್ಲಿ ಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು ಹೂತುಕೊಳ್ಳುತ್ತವೆ. ರಸ್ತೆಯ ಓರೆಯಾದ ಅಂಚು ಕುರ್ಚಿಯನ್ನು ಚರಂಡಿಯ ಕಡೆಗೆ ಎಳೆಯುತ್ತದೆ. ಇಳಿಜಾರಿನಲ್ಲಿ ಗಾಲಿಯನ್ನು ಕೈಯಿಂದ ತಡೆದರೆ ಅಂಗೈ ಸುಡುತ್ತದೆ. ಆದರೆ ಇವೆಲ್ಲಕ್ಕೂ ಉಪಾಯವುಂಟು: ಡಾಂಬರು ಹಾಕಿದ ಸಮತಟ್ಟಾದ ದಾರಿ, ಒಂದು ಜೊತೆ ಕೈಗವಸು, ಗಾಲಿಯವರಿಗೆ ಕೆಲವು ನಿಮಿಷ ಮುಂಚಿತವಾದ ಆರಂಭ. ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ 1975ರಲ್ಲಿ ಬಾಬ್ ಹಾಲ್ ಎಂಬುವರು, ನಿಗದಿಯಾದ ಕಾಲದೊಳಗೆ ಮುಟ್ಟಿದರೆ ಮಾತ್ರ ಪ್ರಮಾಣಪತ್ರವೆಂಬ ಷರತ್ತಿಗೆ ಒಪ್ಪಿ, 42 ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಗಾಲಿಕುರ್ಚಿಯಲ್ಲಿ 2 ಗಂಟೆ 58 ನಿಮಿಷಗಳಲ್ಲಿ ಕ್ರಮಿಸಿದರು. ಇಂದು ಅಲ್ಲಿ ಗಾಲಿಕುರ್ಚಿಯವರಿಗೆ ಪ್ರತ್ಯೇಕ ವಿಭಾಗವೇ ಇದೆ.

ದೂರದ ಮಾತೇಕೆ? ಬೆಂಗಳೂರಿನ ಮಾಲತಿ ಹೊಳ್ಳ ಅವರು ಎಳವೆಯಲ್ಲೇ ಪೋಲಿಯೋಗೆ ತುತ್ತಾದವರು. ಕ್ರೀಡೆಯಲ್ಲಿ ಹೆಸರು ಗಳಿಸಿ 1995ರಲ್ಲಿ ಅರ್ಜುನ ಪ್ರಶಸ್ತಿಯನ್ನೂ 2001ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಅಷ್ಟಕ್ಕೇ ನಿಲ್ಲದೆ ಮಾತೃ ಪ್ರತಿಷ್ಠಾನವನ್ನು ಕಟ್ಟಿ ಅಂಗವಿಕಲ ಮಕ್ಕಳಿಗೆ ಆಶ್ರಯವಿತ್ತರು. ಇಲ್ಲಿ ಕೊಟ್ಟವರಾರು, ಪಡೆದವರಾರು? ವಾಚಕರೇ ವಿಚಾರಿಸಲಿ.

ಶಿಕಾರಿಪುರ, ಸೊರಬಗಳ ವಿದ್ಯಾರ್ಥಿಮಿತ್ರರಲ್ಲಿಯೂ ಗುರುಹಿರಿಯರಲ್ಲಿಯೂ ನನ್ನ ವಿನಂತಿ ಇಷ್ಟೆ. ಇನ್ನು ಮುಂದೆ ಇಂಥ ಓಟವನ್ನು ಏರ್ಪಡಿಸುವಾಗ, ಗಾಲಿಕುರ್ಚಿಯವರೊಬ್ಬರನ್ನು ಕರೆದುಕೊಂಡು ಮೊದಲು ಆ ದಾರಿಯನ್ನು ಒಮ್ಮೆ ಸುತ್ತಿಬನ್ನಿ. ಐದು ಕಿಲೋಮೀಟರು ಆಗದಿದ್ದರೆ ಒಂದೇ ಆದರೂ ಸರಿ. ನಾನು ಎಲ್ಲರಿಗಿಂತ ಕೊನೆಗೆ ಬಂದೇನು. ಅದಕ್ಕಾಗಿ ಮರುಕ ಬೇಡ. ಹಾರವೂ ಬೇಡ. ಎಲ್ಲರಿಗೂ ಕೊಡುವಂತೆ ನನಗೂ ಎದೆಗೆ ಕಟ್ಟುವ ಒಂದು ಸಂಖ್ಯೆಯನ್ನೂ ಕೈಗೊಂದು ರಸೀತಿ ಪುಸ್ತಕವನ್ನೂ ಕೊಡಿ. ಚಂದಾ ಎತ್ತಿ ತರುವ ಭಾರ ನನ್ನದು.