ಕಾರಂಜಿಯಷ್ಟೇ ಸಾಲದು

ಹಂಪಿಗೆ ಹೊರಟವರು ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿನಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ವಾಡಿಕೆ. ದಸರೆಯ ರಜೆ ಬಂತೆಂದರೆ ಗಿರಣಿ ಕಾರ್ಮಿಕರೂ ಸಣ್ಣ ಅಂಗಡಿಕಾರರೂ ನಾಲ್ಕಾರು ಮನೆಯವರು ಸೇರಿ, ಬಾಡಿಗೆಗೆ ಗಾಡಿ ಮಾಡಿಕೊಂಡು, ಸಂಸಾರಸಮೇತ ಹೋಗಿಬರುತ್ತಾರೆ. ನೀರು ನೋಡುತ್ತಾರೆ, ಬುತ್ತಿ ಬಿಚ್ಚುತ್ತಾರೆ, ಕತ್ತಲಾದರೆ ಬಣ್ಣದ ಕಾರಂಜಿ ನೋಡಿ ಹೊರಡುತ್ತಾರೆ. ದುಡಿದು ದಣಿದ ಜನಕ್ಕೆ ಈ ಸಂತೋಷ ಬೇಡವೆನ್ನುವವರು ನಾವಲ್ಲ. ಆದರೆ ಅಣೆಕಟ್ಟು ಬರಿಯ ನೋಟದ ವಸ್ತುವಲ್ಲ. ಅದು ಪ್ರಜೆಗಳ ಆಸ್ತಿ. ಒಡೆಯನು ತನ್ನ ಆಸ್ತಿಯ ಬಾಗಿಲಿಗೆ ಬಂದಾಗ ಅವನಿಗೆ ಕಾರಂಜಿಯ ಜೊತೆಗೆ ಲೆಕ್ಕವನ್ನೂ ತೋರಿಸಬೇಕು ಎಂಬುದು ನಮ್ಮ ವಾದ.

ಯಾವ ಲೆಕ್ಕ? ಮೊದಲನೆಯದು, ಕಳೆದುಕೊಂಡವರ ಲೆಕ್ಕ. 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾದಾಗ ಹೊಳೆಯ ಒಂದು ದಡ ಹೈದರಾಬಾದ್ ಸಂಸ್ಥಾನದ್ದು, ಇನ್ನೊಂದು ಮದರಾಸು ಪ್ರಾಂತದ್ದು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಈ ನೀರಿಗಾಗಿ ಸುಮಾರು 90 ಹಳ್ಳಿಗಳು ಮುಳುಗಿದವು. 54 ಸಾವಿರಕ್ಕೂ ಹೆಚ್ಚು ಜನ ಮನೆಮಠ ಬಿಟ್ಟೆದ್ದರು. ಗದ್ದೆಗೆ ನೀರು ಕುಡಿಸಿದವರು ಯಾರೆಂದು ಕೇಳಿದರೆ ಮಂತ್ರಿಗಳ ಹೆಸರನ್ನೂ ಎಂಜಿನಿಯರರ ಹೆಸರನ್ನೂ ಹೇಳುತ್ತೇವೆ. ಆ 90 ಹಳ್ಳಿಗಳ ಹೆಸರನ್ನು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಎರಡನೆಯದು, ನೀರಿನ ಲೆಕ್ಕ. ಕಟ್ಟಿದಾಗ ಜಲಾಶಯದಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಈಗ ಹಿಡಿಯುವುದು ಸುಮಾರು 105 ಮಾತ್ರ. ಐದರಲ್ಲಿ ಒಂದು ಪಾಲು ಹೂಳು ನುಂಗಿದೆ. ದಡದಲ್ಲಿ ನಿಂತವನಿಗೆ ಸಮುದ್ರದಂತೆ ಕಾಣುವ ಈ ನೀರಿನ ಅಡಿಯಲ್ಲಿ ಎಷ್ಟು ಮಣ್ಣಿದೆ ಎಂಬುದು ಕಣ್ಣಿಗೆ ಕಾಣುವಂಥದಲ್ಲ. ಯಾರಾದರೂ ಬರೆದು ತೋರಿಸಬೇಕು.

ಮೂರನೆಯದು, ಕಬ್ಬಿಣದ ಲೆಕ್ಕ. 60 ಅಡಿ ಅಗಲ, 20 ಅಡಿ ಎತ್ತರದ 33 ಗೇಟುಗಳು ಈ ನೀರನ್ನು ತಡೆದು ನಿಲ್ಲಿಸಿದ್ದವು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದ ಉಳಿದ ಗೇಟುಗಳನ್ನೂ ತೆರೆದು, ಕೂಡಿಟ್ಟ ನೀರನ್ನು ಹೊಳೆಗೆ ಬಿಡಬೇಕಾಯಿತು. ಸುತ್ತಲಿನ ಕಾರ್ಖಾನೆಗಳಲ್ಲಿ ತಯಾರಾದ ಉಕ್ಕಿನ ಹಲಗೆಗಳನ್ನು ಹರಿಯುವ ನೀರಿಗೆ ಇಳಿಸಿ, ಒಂದು ವಾರದೊಳಗೆ ಆ ಬಾಯಿ ಮುಚ್ಚಿದ ಕೆಲಸಗಾರರಿಗೂ ಎಂಜಿನಿಯರರಿಗೂ ನಾಡು ಋಣಿ. ಆದರೂ 2025ರ ಮಳೆಗಾಲದಲ್ಲಿ ಗೇಟುಗಳ ಭಯದಿಂದ 80 ಟಿ.ಎಂ.ಸಿ.ಗೇ ನೀರನ್ನು ನಿಲ್ಲಿಸಬೇಕಾಯಿತು.

ಇದು ರೈತರ ಮಾತು, ನಮಗೇನು ಎನ್ನುವ ಅಂಗಡಿಕಾರ ಬಂಧುಗಳಿಗೆ ಒಂದು ಮಾತು. ಗಂಗಾವತಿ, ಕಾರಟಗಿ, ಸಿಂಧನೂರುಗಳ ಅಕ್ಕಿ ಗಿರಣಿಗಳು ತಿರುಗುವುದು ಈ ನೀರಿನ ಬಲದಿಂದ. ಒಂದು ಬೆಳೆಗೆ ನೀರಿಲ್ಲವೆಂದರೆ ಗದ್ದೆಯಲ್ಲಿ ಕೂಲಿ ಇಲ್ಲ, ಹಮಾಲನ ಬೆನ್ನಿಗೆ ಚೀಲವಿಲ್ಲ, ಕಿರಾಣಿ ಅಂಗಡಿಯಲ್ಲಿ ಉದ್ದರಿಯ ಪುಸ್ತಕ ಮಾತ್ರ ದಪ್ಪವಾಗುತ್ತದೆ. ಸರಪಳಿಯ ಒಂದು ಕೊಂಡಿ ಕಡಿದರೆ ಅದರ ಪೆಟ್ಟು ಸಂತೆಯವರೆಗೂ ಬರುತ್ತದೆ.

ಅಮೆರಿಕದಲ್ಲಿ ಕೊಲರಾಡೊ ನದಿಗೆ ಅಡ್ಡಲಾಗಿ 1931ರಿಂದ ಕಟ್ಟಿದ ಹೂವರ್ ಅಣೆಕಟ್ಟಿನಲ್ಲಿ ಸಂದರ್ಶಕರಿಗಾಗಿ ದೊಡ್ಡ ಕೇಂದ್ರವೇ ಇದೆ. ಕೆಲಸದಲ್ಲಿ ಮಡಿದ ಕಾರ್ಮಿಕರಿಗೆ ಅಣೆಕಟ್ಟಿನ ಮೇಲೆ ಸ್ಮಾರಕ ಫಲಕವಿದೆ. ಸರಕಾರದ ಲೆಕ್ಕದಲ್ಲಿ ಮಡಿದವರು 96. ಆದರೆ ಸುರಂಗದಲ್ಲಿ ಮೋಟಾರುಗಳ ವಿಷದ ಹೊಗೆಗೆ ಬಲಿಯಾದರೆಂದು ಕಾರ್ಮಿಕರು ಹೇಳಿದ ಸಾವುಗಳು ನ್ಯುಮೋನಿಯ ಎಂದು ದಾಖಲಾದವು. ಆ 96ರಲ್ಲಿ ಅವು ಸೇರಲಿಲ್ಲ. ಆದ್ದರಿಂದ ಫಲಕ ನಿಲ್ಲಿಸಿದ ಮಾತ್ರಕ್ಕೆ ನ್ಯಾಯ ಸಂದಿತೆಂದು ನಾವು ಹೇಳುವುದಿಲ್ಲ. ಆದರೆ ಬರೆದ ಅಂಕಿಯನ್ನು ತಪ್ಪೆಂದು ಪ್ರಶ್ನಿಸಬಹುದು. ಬರೆಯದೇ ಬಿಟ್ಟ ಅಂಕಿಯನ್ನು ಪ್ರಶ್ನಿಸುವುದು ಹೇಗೆ?

ನಮ್ಮ ಬೇಡಿಕೆ ದೊಡ್ಡದೇನಲ್ಲ. ನಾಡಿನ ಪ್ರತಿಯೊಂದು ದೊಡ್ಡ ಜಲಾಶಯದಲ್ಲಿ ಬಂದವರು ಕೂತು ಓದುವಂಥ ಒಂದು ಮನೆ ಇರಲಿ. ಮುಳುಗಿದ ಊರುಗಳ ಹೆಸರು, ಕಟ್ಟುವಾಗ ಸತ್ತ ಕೂಲಿಕಾರರ ಸಂಖ್ಯೆ, ಹೂಳಿನ ಅಳತೆ, ಪ್ರತಿ ಗೇಟನ್ನೂ ಕೊನೆಯ ಸಲ ಪರೀಕ್ಷಿಸಿದ ತಾರೀಖು, ಇವಿಷ್ಟನ್ನು ಅಲ್ಲಿ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದು ಹಾಕಲಿ. ಓದಲಾರದವರಿಗೆ ಓದಿ ಹೇಳಲು ಮುಳುಗಡೆಯ ಮನೆತನಗಳ ಮಕ್ಕಳನ್ನೇ ಸಂಬಳ ಕೊಟ್ಟು ನೇಮಿಸಲಿ. ಕಾರಂಜಿಗೆ ಹಣ ಹುಟ್ಟುವ ಸರಕಾರಕ್ಕೆ ಈ ಹಲಗೆಗೆ ಹಣವಿಲ್ಲವೆಂದರೆ ನಂಬುವವರು ಯಾರು?

ಜನರೂ ತಮ್ಮ ಪಾಲಿನದನ್ನು ಮಾಡಬೇಕು. ಮುಂದಿನ ರಜೆಯಲ್ಲಿ ಅಲ್ಲಿಗೆ ಹೋಗುವವರು ಎದುರಿಗೆ ಸಿಕ್ಕ ಅಧಿಕಾರಿಯನ್ನು ಒಂದೇ ಪ್ರಶ್ನೆ ಕೇಳಲಿ: ಗೇಟುಗಳನ್ನು ಕಡೆಯ ಸಲ ನೋಡಿದ್ದು ಯಾವಾಗ? ನೂರು ಮಂದಿ ಕೇಳಿದರೆ ಉತ್ತರ ಹಲಗೆಯ ಮೇಲೆ ಬಂದೇ ಬರುತ್ತದೆ.