ರಾಜಾಜಿಯವರ ದೋಷವಾವುದು?

ಚಕ್ರವರ್ತಿ ರಾಜಗೋಪಾಲಾಚಾರ್ಯರು ದಿವಂಗತರಾದುದು 1972ನೆಯ ಡಿಸೆಂಬರಿನಲ್ಲಿ. ಅರ್ಧ ಶತಮಾನ ಸಂದರೂ ಅವರ ವಿಷಯದಲ್ಲಿ ನಮ್ಮ ವಿದ್ಯಾವಂತರು ಇನ್ನೂ ಎರಡು ಪಕ್ಷವಾಗಿಯೇ ನಿಂತಿರುವರು. ಒಂದು ಪಕ್ಷಕ್ಕೆ ಅವರು ರಾಜರ್ಷಿ. ಮತ್ತೊಂದಕ್ಕೆ ಕುಟಿಲನೀತಿಯ ಚಾಣಕ್ಯ. ಸ್ತೋತ್ರವೂ ವಿಮರ್ಶೆಯಲ್ಲ, ನಿಂದೆಯೂ ವಿಮರ್ಶೆಯಲ್ಲ. ಆ ಮಹನೀಯರಲ್ಲಿ ದೋಷವಿದ್ದಿತೆಂಬುದು ದಿಟ. ಆದರೆ ಅದು ನಿಂದಕರು ಹೇಳುವ ದೋಷವಲ್ಲ, ಭಕ್ತರು ಮುಚ್ಚಿಡಬಹುದಾದ ದೋಷವೂ ಅಲ್ಲ.

ಮೊದಲು ನಿಂದಕರ ಪೂರ್ವಪಕ್ಷವನ್ನು ನೋಡೋಣ. ಅವರು ಚಂಚಲರು ಎಂಬುದು ಮುಖ್ಯ ಆಕ್ಷೇಪ. 1938ರಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದವರೇ ಮುಂದೆ ಹಿಂದಿಯನ್ನು ವಿರೋಧಿಸಿದರು. ಆಜೀವ ಕಾಂಗ್ರೆಸ್ಸಿಗರೇ 1959ರಲ್ಲಿ ಸ್ವತಂತ್ರ ಪಕ್ಷವನ್ನು ಸ್ಥಾಪಿಸಿದರು. ತಮ್ಮನ್ನು ವಿರೋಧಿಸಿದ್ದ ದ್ರಾವಿಡ ಪಕ್ಷದೊಡನೆಯೇ 1967ರಲ್ಲಿ ಕೈಜೋಡಿಸಿದರು. ಇದೆಲ್ಲವೂ ನಿಜ. ಆದರೆ ಅಭಿಪ್ರಾಯವನ್ನು ಬದಲಿಸುವುದೇ ಪಾಪವಾದರೆ ವಿಚಾರಮಾಡುವವನಿಗೆ ಲೋಕದಲ್ಲಿ ಎಡೆಯೇ ಇಲ್ಲ. ಲಾಭಕ್ಕಾಗಿ ಬದಲಾದರೇ ಎಂಬುದೇ ಪ್ರಶ್ನೆ. 1942ರಲ್ಲಿ, ಮುಸ್ಲಿಂ ಲೀಗಿನೊಡನೆ ಒಡಂಬಡಿಕೆಯಾಗಬೇಕೆಂದು ಅವರು ವಾದಿಸಿದಾಗ ಅಲಹಾಬಾದಿನ ಅಖಿಲ ಭಾರತ ಸಮಿತಿಯಲ್ಲಿ ಅವರ ಕಡೆ ಬಿದ್ದುದು 15 ಮತ, ವಿರುದ್ಧ 120. ಅವರು ಬಾಯಿ ಮುಚ್ಚಿಕೊಳ್ಳಲಿಲ್ಲ. ಕಾಂಗ್ರೆಸ್ಸನ್ನೇ ಬಿಟ್ಟು ಹೊರಬಂದರು. ದೇಶವೆಲ್ಲ ‘ಕ್ವಿಟ್ ಇಂಡಿಯಾ’ ಎಂದು ಕೂಗುತ್ತಿದ್ದಾಗ ಅದು ಸಕಾಲವಲ್ಲವೆಂದರು. ಎರಡು ವರ್ಷಗಳ ತರುವಾಯ ಗಾಂಧೀಜಿಯವರು ಜಿನ್ನಾ ಸಾಹೇಬರೊಡನೆ ಮಾತಿಗೆ ಕುಳಿತಾಗ ಮುಂದಿಟ್ಟುಕೊಂಡುದು ರಾಜಾಜಿಯವರ ಸೂತ್ರವನ್ನೇ. ಆ ಸೂತ್ರ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಅದನ್ನು ಹೇಳಿ ಅವರು ಗಳಿಸಿದ್ದು ದೂಷಣೆಯನ್ನು ಮಾತ್ರ. ಇದು ಚಂಚಲನ ಲಕ್ಷಣವಲ್ಲ.

ಇನ್ನು ಭಕ್ತರ ಕಡೆಗೆ ತಿರುಗುತ್ತೇನೆ. ಅದೇ ಬುದ್ಧಿಯು, ಅದೇ ಆತ್ಮಪ್ರತ್ಯಯವು, ಅಧಿಕಾರ ಕೈಗೆ ಬಂದಾಗ ಏನು ಮಾಡಿತು? 1938ರಲ್ಲಿ ಮದರಾಸು ಪ್ರಾಂತದ ಪ್ರಧಾನಮಂತ್ರಿಯಾಗಿ ಅವರು ನೂರಕ್ಕೂ ಮಿಕ್ಕ ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದರು. ವಿರೋಧಿಸಿದವರಲ್ಲಿ ಸಾವಿರಕ್ಕೂ ಹೆಚ್ಚು ಜನ ಸೆರೆಮನೆ ಸೇರಿದರು. ಅವರನ್ನು ಹಿಡಿಯಲು ಬಳಸಿದ್ದು, ಕಾಂಗ್ರೆಸ್ಸು ತಾನೇ ಹಿಂದೆ ಖಂಡಿಸಿದ್ದ ದಮನಶಾಸನವನ್ನು. ನಟರಾಜನ್, ತಾಳಮುತ್ತು ಎಂಬಿಬ್ಬರು 1939ರಲ್ಲಿ ಬಂದಿಗಳಾಗಿದ್ದಾಗಲೇ ಅಸ್ವಸ್ಥರಾಗಿ ಮೃತರಾದರು. 1940ರ ಫೆಬ್ರವರಿಯಲ್ಲಿ, ರಾಜಾಜಿಯವರು ಅಧಿಕಾರ ಬಿಟ್ಟ ಮೇಲೆ, ಗವರ್ನರರ ಸರಕಾರ ಆ ಆಜ್ಞೆಯನ್ನು ಹಿಂತೆಗೆಯಿತು.

ಎರಡನೆಯದು ಇದಕ್ಕಿಂತಲೂ ಗುರುತರ. 1952ರಲ್ಲಿ ಚುನಾವಣೆಗೆ ನಿಲ್ಲದೆ, ವಿಧಾನ ಪರಿಷತ್ತಿಗೆ ನಾಮಕರಣ ಹೊಂದಿ ಅವರು ಮುಖ್ಯಮಂತ್ರಿಗಳಾದರು. 1953ರ ಜೂನಿನಲ್ಲಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಏರ್ಪಾಡು ಬಂದಿತು: ಮಗುವಿಗೆ ದಿನಕ್ಕೆ ಮೂರು ಗಂಟೆ ಶಾಲೆ; ಮಿಕ್ಕ ಹೊತ್ತು ತಂದೆತಾಯಿಗಳ ಕಸುಬನ್ನು ಕಲಿಯುವುದು. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಆ ರಾಜ್ಯದಲ್ಲೇ ಇದ್ದುದರಿಂದ ಇದು ಕನ್ನಡಿಗರಿಗೆ ಪರರ ಮನೆಯ ವಾರ್ತೆಯಲ್ಲ. ಹಣವಿರಲಿಲ್ಲ, ಕಟ್ಟಡವಿರಲಿಲ್ಲ, ಎರಡು ಸರದಿ ಮಾಡಿದರೆ ಇಮ್ಮಡಿ ಮಕ್ಕಳು ಓದಬಹುದಾಗಿತ್ತು ಎಂದು ಭಕ್ತರು ಸಮಾಧಾನ ಹೇಳುವರು. ಒಪ್ಪೋಣ. ಆದರೆ ಪಟ್ಟಣದ ವಕೀಲನ ಮಗನಿಗೆ ಪೂರ್ಣ ದಿನದ ಪಾಠ, ಹಳ್ಳಿಯ ಅಗಸನ ಮಗನಿಗೆ ಅರ್ಧ ದಿನದ್ದೇಕೆ? ಭೂಮಿಯೇ ಇಲ್ಲದ ಕೂಲಿಯವನ ಮಗ ತಂದೆಯಿಂದ ಕಲಿಯುವ ವಿದ್ಯೆ ಯಾವುದು? ನಮ್ಮ ಹಳ್ಳಿಗಳಲ್ಲಿ ತಂದೆಯ ಕಸುಬೆಂದರೆ ಜಾತಿ. ರಾಜಾಜಿಯವರ ಉದ್ದೇಶ ಏನೇ ಇರಲಿ, ಫಲ ಅದೇ ಆಗುತ್ತಿತ್ತು.

ನನ್ನಂತೆ ಪಾಠಶಾಲೆಯಲ್ಲಿ ಓದಿದವರ ಕಿವಿಗೆ ಕುಲವಿದ್ಯೆಯೆಂಬ ಶಬ್ದ ಮಧುರವಾಗಿಯೇ ಕೇಳುವುದು. ಏಕೆಂದರೆ ನಮ್ಮ ಕುಲವಿದ್ಯೆ ಗ್ರಂಥವಾಗಿತ್ತು. ಯಾರ ಕುಲಕ್ಕೆ ಪೊರಕೆಯೋ ಕೊಡಲಿಯೋ ಬಂದಿತ್ತೋ ಅವರನ್ನು ಕೇಳದೆ ಆ ಮಾಧುರ್ಯವನ್ನು ನಾವು ಹೊಗಳಬಾರದು. ಮಧ್ಯಾಹ್ನ ದನ ಕಾಯಲು ಕಳುಹಿದ ಹುಡುಗನು ಮರುದಿನ ಬೆಳಗ್ಗೆ ಶಾಲೆಗೆ ಬಂದೇ ಬರುವನೆಂಬ ನೆಚ್ಚಿಕೆ ಇಲ್ಲವೆಂಬುದನ್ನು ಉಪಾಧ್ಯಾಯವೃತ್ತಿಯಲ್ಲಿ ಸವೆದ ಯಾರನ್ನು ಕೇಳಿದರೂ ತಿಳಿಯುವುದು. ಸ್ವಪಕ್ಷದವರೊಡನೆಯೂ ಸಮಾಲೋಚಿಸದೆ ಬಂದ ಆ ಏರ್ಪಾಡನ್ನು ಕಾಮರಾಜರೂ ಒಪ್ಪಲಿಲ್ಲ. 1954ರಲ್ಲಿ ರಾಜಾಜಿಯವರು ಇಳಿದರು. ಕಾಮರಾಜರ ಸರಕಾರ ಅದನ್ನು ರದ್ದುಪಡಿಸಿತು.

ಅಧಿಕಾರದಲ್ಲಿ ಅವರು ಒಳಿತನ್ನು ಮಾಡಲೇ ಇಲ್ಲವೇ ಎಂದರೆ, ಮಾಡಿದರು. 1939ರ ದೇವಾಲಯ ಪ್ರವೇಶದ ಶಾಸನವೊಂದೇ ಸಾಕು. ಆದರೆ ಅಲ್ಲಿ ನಡೆದ ಕ್ರಮವನ್ನು ಗಮನಿಸಿ: ಮೊದಲು ಮಧುರೆಯ ಮೀನಾಕ್ಷಿಯ ಗುಡಿಯೊಳಕ್ಕೆ ವೈದ್ಯನಾಥ ಅಯ್ಯರರು ಹರಿಜನರೊಡನೆ ಕಾಲಿಟ್ಟರು, ಅವರಿಗೆ ರಕ್ಷೆಯಾಗಿ ಶಾಸನ ಬಂದಿತು. ಲೋಕಮತ ಮುಂದೆ ನಡೆಯಿತು, ಕಾಯಿದೆ ಹಿಂಬಾಲಿಸಿತು. ಹಿಂದಿಯಲ್ಲಿಯೂ ಶಾಲೆಯಲ್ಲಿಯೂ ಈ ಕ್ರಮ ತಲೆಕೆಳಗಾಯಿತು.

ಆದಕಾರಣ ಸಿದ್ಧಾಂತವಿದು: ರಾಜಾಜಿಯವರ ಗುಣವೂ ದೋಷವೂ ಒಂದೇ ವಸ್ತು. ತಾನು ಕಂಡದ್ದೇ ಸತ್ಯವೆಂಬ ಆ ಧೈರ್ಯ, ಕೇಳುವವರಿಗೆ ತಳ್ಳಿಹಾಕುವ ಸ್ವಾತಂತ್ರ್ಯವಿದ್ದಾಗ ದೇಶಕ್ಕೆ ಉಪಕಾರಿಯಾಯಿತು. ಆ ಸ್ವಾತಂತ್ರ್ಯವಿಲ್ಲದವರ ಮೇಲೆ, ಅದರಲ್ಲಿಯೂ ಮಕ್ಕಳ ಮೇಲೆ, ಆಜ್ಞೆಯಾಗಿ ಇಳಿದಾಗ ಅಪಕಾರಿಯಾಯಿತು. ಎಂಬತ್ತು ದಾಟಿದ ಮೇಲೆ ಪರ್ಮಿಟ್ಟು ಲೈಸೆನ್ಸುಗಳ ಆಡಳಿತವನ್ನು ಖಂಡಿಸಿದ್ದು, 1962ರಲ್ಲಿ ಅಣ್ವಸ್ತ್ರಪರೀಕ್ಷೆ ಬೇಡವೆಂದು ಹೇಳಲು ಅಮೆರಿಕದವರೆಗೆ ಹೋದದ್ದು, ಇವೆಲ್ಲ ಅಧಿಕಾರವಿಲ್ಲದ ರಾಜಾಜಿಯವರ ಕಾರ್ಯಗಳು.

ಇಂದು ನಮ್ಮ ಮನೆಗಳಲ್ಲಿ ಊಟದ ಹೊತ್ತಿನಲ್ಲಿ ಮತ್ತೆ ಮತ್ತೆ ಕೇಳುವ ಮಾತೊಂದುಂಟು: ಚರ್ಚೆ ಸಾಕು, ಬುದ್ಧಿವಂತನೂ ನಿಸ್ಪೃಹನೂ ಆದ ಒಬ್ಬನ ಕೈಗೆ ಎಲ್ಲವನ್ನೂ ಒಪ್ಪಿಸಿದರೆ ದೇಶ ಉದ್ಧಾರವಾಗುವುದೆಂದು. ಹಾಗೆನ್ನುವವರು ಈ ಚರಿತ್ರೆಯನ್ನು ಓದಲಿ. ರಾಜಾಜಿಯವರಷ್ಟು ಬುದ್ಧಿವಂತರು, ನಿಸ್ಪೃಹರು ವಿರಳ. ಅವರಿಗೇ ಎದುರು ಪ್ರಶ್ನೆ ಅವಶ್ಯವಾಗಿದ್ದಿತು. ಅವರಿಗಿಂತ ಕಿರಿಯರಾದವರಿಗೆ ಅದು ಬೇಡವೆನ್ನುವುದು ಯಾವ ನ್ಯಾಯ?