ಹಿಂದಿಗೆ ಮೂವತ್ತು ಸಂಸದರ ಕಾವಲು, ಕನ್ನಡಕ್ಕೆ ಯಾರಿದ್ದಾರೆ?

ಕನ್ನಡದ ಯುವಕ ಯುವತಿಯರೇ,

ನಿಮ್ಮ ಊರಿನ ಯಾವುದಾದರೂ ಕೇಂದ್ರ ಸರ್ಕಾರದ ಕಚೇರಿಗೆ ಹೋಗಿ. ಹೊರಗಿನ ಬೋರ್ಡಿನಲ್ಲಿ ಕನ್ನಡ ಇದ್ದೀತು, ಇರಲಿ. ಒಳಗೆ ಕಾಲಿಟ್ಟು ಒಂದು ಅರ್ಜಿ ಫಾರಂ ಕೈಗೆತ್ತಿಕೊಳ್ಳಿ. ಮೇಜಿನ ಮೇಲಿನ ರಿಜಿಸ್ಟರ್, ಅಧಿಕಾರಿಯ ಹೆಸರಿನ ಫಲಕ, ಲೆಟರ್‌ಹೆಡ್, ಲಕೋಟೆ, ರಬ್ಬರ್ ಸ್ಟಾಂಪು ನೋಡಿ. ಬಹುಪಾಲು ಹಿಂದಿ, ಇಂಗ್ಲಿಷ್. ಹಿಂದಿ, ಇಂಗ್ಲಿಷ್. ಕನ್ನಡ ನಾಡಿನ ನಟ್ಟನಡುವೆ ಕುಳಿತ ಕಚೇರಿಯಲ್ಲಿ ಕನ್ನಡಿಗನ ಭಾಷೆ ಬಾಗಿಲಾಚೆಗೇ ನಿಂತಿದೆ!

ಇದನ್ನು ಕಂಡು ನಮ್ಮ ಹುಡುಗರು ಕೌಂಟರಿನ ಹಿಂದಿನ ಗುಮಾಸ್ತನ ಮೇಲೆ ಎಗರಾಡುತ್ತಾರೆ. ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕುತ್ತಾರೆ. ಎರಡು ದಿನ ಗದ್ದಲ, ಗುಮಾಸ್ತನಿಗೆ ವರ್ಗ, ಅವನ ಜಾಗಕ್ಕೆ ಅಂಥವನೇ ಇನ್ನೊಬ್ಬ. ಪಟ್ನಾದಿಂದಲೋ ಜೈಪುರದಿಂದಲೋ ಹೊಟ್ಟೆಪಾಡಿಗೆ ಬಂದ ಆ ಬಡಪಾಯಿಯ ಮೇಲೆ ನಮ್ಮ ಸಿಟ್ಟು ಖರ್ಚಾಗಬಾರದು. ಅವನನ್ನು ಅಲ್ಲಿ ಕೂರಿಸಿದ, ಅವನಿಂದ ಯಾವ ಲೆಕ್ಕ ಕೇಳಬೇಕು, ಯಾವುದು ಕೇಳಬೇಕಿಲ್ಲ ಎಂದು ತೀರ್ಮಾನಿಸಿದ ಯಂತ್ರ ದೆಹಲಿಯಲ್ಲಿದೆ. ಅದನ್ನು ಬಿಚ್ಚಿ ನೋಡೋಣ.

ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಪಿಯುಸಿಗೇ ಓದು ಮುಗಿಸಿ ಅಪ್ಪನ ಟ್ರೆಡಲ್ ಮಷಿನ್ ಪಕ್ಕ ನಿಂತವನು. ಕಾನೂನು ಓದಿದವನಲ್ಲ. ಆದರೆ ಫಾರಂ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಕೆಲವು ವರ್ಷಗಳ ಹಿಂದೆ ಕೇಂದ್ರದ ಒಂದು ಕಚೇರಿಯಿಂದ ಫಾರಂ ಅಚ್ಚು ಹಾಕುವ ಕೆಲಸ ಬಂತು. ಮ್ಯಾಟರ್ ಎರಡೇ ಭಾಷೆಯಲ್ಲಿ. "ಸಾರ್, ಕನ್ನಡವನ್ನೂ ಸೇರಿಸೋಣ, ಕಂಪೋಸಿಂಗ್‌ಗೆ ನಾನು ದುಡ್ಡು ಕೇಳೋದಿಲ್ಲ" ಎಂದೆ. ಅಧಿಕಾರಿ ಕನ್ನಡದವರೇ. ನಕ್ಕು ಹೇಳಿದರು: "ಹಿಂದಿ ಬಿಟ್ಟರೆ ಮೇಲಿನಿಂದ ಮೆಮೋ ಬರುತ್ತೆ ಕಣ್ರೀ. ಕನ್ನಡ ಬಿಟ್ಟರೆ ಯಾರೂ ಕೇಳೋದಿಲ್ಲ. ಸೇರಿಸಿದರೆ ಮಾತ್ರ ಯಾಕೆ ಸೇರಿಸಿದಿರಿ ಅಂತಾರೆ."

ಅವರು ಸುಳ್ಳು ಹೇಳಲಿಲ್ಲ. ಹಿಂದಿಯ ವ್ಯವಸ್ಥೆ ಹೇಗೆ ಕಟ್ಟಿದ್ದಾರೆ ನೋಡಿ. 1963ರಲ್ಲಿ ಸಂಸತ್ತು ಅಧಿಕೃತ ಭಾಷೆಗಳ ಕಾಯ್ದೆ ಮಾಡಿತು. 1975ರಲ್ಲಿ ಗೃಹ ಸಚಿವಾಲಯದ ಕೈಕೆಳಗೆ ರಾಜಭಾಷಾ ಇಲಾಖೆ ಹುಟ್ಟಿತು. (ಗಡಿ ಪಡೆ, ಮೀಸಲು ಪೊಲೀಸು ನೋಡಿಕೊಳ್ಳುವ ಸಚಿವಾಲಯಕ್ಕೇ ಭಾಷೆಯನ್ನೂ ವಹಿಸಿದ್ದಾರೆ, ಅದನ್ನು ಗಮನಿಸಿ.) 1976ರಲ್ಲಿ ನಿಯಮಗಳು ಬಂದವು. ದೇಶವನ್ನು ಎ, ಬಿ, ಸಿ ಎಂದು ಮೂರು ವಲಯ ಮಾಡಿದರು. ಹಿಂದಿ ರಾಜ್ಯಗಳು 'ಎ', ಮಹಾರಾಷ್ಟ್ರ, ಗುಜರಾತ್, ಪಂಜಾಬ್ 'ಬಿ', ಕರ್ನಾಟಕ 'ಸಿ'. 11ನೇ ನಿಯಮ ನಮ್ಮ ಪ್ರೆಸ್ಸಿನವರಿಗೇ ಬರೆದಂತಿದೆ: ಕೈಪಿಡಿ, ಫಾರಂ, ರಿಜಿಸ್ಟರಿನ ತಲೆಬರಹ, ನಾಮಫಲಕ, ಲೆಟರ್‌ಹೆಡ್, ಲಕೋಟೆ ಎಲ್ಲವೂ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರತಕ್ಕದ್ದು. ಪಾಲನೆಯಾಗುವಂತೆ ನೋಡಿಕೊಳ್ಳುವ ಹೊಣೆ ಕಚೇರಿಯ ಮುಖ್ಯಸ್ಥನದು ಎಂದು 12ನೇ ನಿಯಮ ಹೇಳುತ್ತದೆ. ಇನ್ನು ಮೊದಲನೇ ನಿಯಮ ಓದಿದರೆ ಮೈ ಉರಿಯುತ್ತದೆ. ಈ ನಿಯಮಗಳು ಇಡೀ ಭಾರತಕ್ಕೆ ಅನ್ವಯ, ತಮಿಳುನಾಡು ಒಂದನ್ನು ಬಿಟ್ಟು! 1965ರಲ್ಲಿ ಅಲ್ಲಿ ಹತ್ತಿದ ಬೆಂಕಿಯ ಬಿಸಿ ದೆಹಲಿಗೆ 1976ರಲ್ಲೂ ಆರಿರಲಿಲ್ಲ ಎಂದೇ ನನ್ನ ತಿಳುವಳಿಕೆ. ನಮ್ಮ ಬಿಸಿ ಅವರಿಗೆ ಯಾವತ್ತು ತಟ್ಟಿತ್ತು?

ನಿಯಮ ಬರೆದು ಕೈಕಟ್ಟಿ ಕೂರಲಿಲ್ಲ ಅವರು. ಪ್ರತಿ ಕಚೇರಿಯಲ್ಲೂ ಒಂದು ರಾಜಭಾಷಾ ಅನುಷ್ಠಾನ ಸಮಿತಿ, ಮುಖ್ಯಸ್ಥನೇ ಅಧ್ಯಕ್ಷ, ಮೂರು ತಿಂಗಳಿಗೊಮ್ಮೆ ಸಭೆ. ಮೂರು ತಿಂಗಳಿಗೊಮ್ಮೆ ವರದಿ: ಎಷ್ಟು ಪತ್ರ ಹಿಂದಿಯಲ್ಲಿ ಹೋಯಿತು, ಎಷ್ಟು ಜನ ಹಿಂದಿ ಕಲಿತರು. 'ಸಿ' ವಲಯದ ಕಚೇರಿಗಳಿಗೂ ಪತ್ರ ವ್ಯವಹಾರದಲ್ಲಿ ಶೇ. 55ರ ಗುರಿಯನ್ನು ವಾರ್ಷಿಕ ಕಾರ್ಯಕ್ರಮದಲ್ಲಿ ಹಾಕುತ್ತಾ ಬಂದಿದ್ದಾರೆ. ಊರಿನ ಕೇಂದ್ರ ಕಚೇರಿಗಳೆಲ್ಲ ಸೇರುವ ನಗರ ಸಮಿತಿ ಬೇರೆ. ಉಸ್ತುವಾರಿಗೆ ಬೆಂಗಳೂರಿನಲ್ಲೇ ಒಂದು ಪ್ರಾದೇಶಿಕ ಅನುಷ್ಠಾನ ಕಚೇರಿ. ಇವೆಲ್ಲದರ ನೆತ್ತಿಯ ಮೇಲೆ ಸಂಸದೀಯ ರಾಜಭಾಷಾ ಸಮಿತಿ: ಲೋಕಸಭೆಯ 20, ರಾಜ್ಯಸಭೆಯ 10, ಒಟ್ಟು 30 ಸಂಸದರು. ಉಪಸಮಿತಿಗಳಾಗಿ ಊರೂರು ತಿರುಗಿ ಕಚೇರಿ ತಪಾಸಣೆ ಮಾಡುತ್ತಾರೆ. ವರದಿ ನೇರ ರಾಷ್ಟ್ರಪತಿಗೆ. 11ನೇ ಸಂಪುಟವನ್ನು 2022ರ ಸೆಪ್ಟೆಂಬರಿನಲ್ಲಿ ಸಮಿತಿಯ ಅಧ್ಯಕ್ಷರಾದ ಗೃಹ ಸಚಿವ ಅಮಿತ್ ಶಾ ಒಪ್ಪಿಸಿದರು.

ಇದಪ್ಪಾ ಮೇಲ್ವಿಚಾರಣೆ ಅಂದರೆ! ಸರ್ಕಾರಿ ನೌಕರ ಸೋಮಾರಿ ಎಂದು ಬೈಯುತ್ತೇವಲ್ಲ, ತಪ್ಪು. ಯಾವ ಕಾಲಂ ತುಂಬಬೇಕೋ ಆ ಕೆಲಸವನ್ನು ಅವನು ಮಾಡಿಯೇ ಮಾಡುತ್ತಾನೆ.

ಈಗ ಕನ್ನಡದ ಪಾಲಿಗೆ ಏನಿದೆ ನೋಡಿ. ಸಂವಿಧಾನದ 350ನೇ ವಿಧಿಯಿದೆ: ಕುಂದುಕೊರತೆಯ ಮನವಿಯನ್ನು ಕೇಂದ್ರ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಬ್ಯಾಂಕಿನ ಫಾರಂ, ಚಲನ್, ಪಾಸ್‌ಬುಕ್ಕು ಪ್ರಾದೇಶಿಕ ಭಾಷೆ ಸೇರಿ ಮೂರು ಭಾಷೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಸಂತೋಷ. ಆದರೆ ಮನವಿಗೆ ಉತ್ತರ ಕನ್ನಡದಲ್ಲಿ ಬಂತೇ ಎಂದು ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುವವರು ಯಾರು? ಯಾವ ಸಂಸದೀಯ ಸಮಿತಿ? ಯಾವ ಇಲಾಖೆ? ಹಿಂದಿಯಲ್ಲಿ ಬಂದ ಪತ್ರಕ್ಕೆ ಹಿಂದಿಯಲ್ಲೇ ಉತ್ತರ ಕೊಡಬೇಕೆಂದು 5ನೇ ನಿಯಮವಿದೆ. ಕನ್ನಡದ ಪತ್ರಕ್ಕೆ ಅಂಥ ನಿಯಮವಿಲ್ಲ.

ದುಡ್ಡಿನ ಲೆಕ್ಕ ನೋಡಲು ಮಹಾಲೇಖಪಾಲರಿದ್ದಾರೆ. ಲಂಚಕ್ಕೆ 1964ರಿಂದ ಕೇಂದ್ರ ಜಾಗೃತ ಆಯೋಗವಿದೆ. ನೌಕರನನ್ನು ವಿಚಾರಣೆಯಿಲ್ಲದೆ ವಜಾ ಮಾಡದಂತೆ 311ನೇ ವಿಧಿ ಕಾಯುತ್ತದೆ. ಕರ್ನಾಟಕಕ್ಕೆ ಬರುವ ಐಎಎಸ್ ಅಧಿಕಾರಿ ಕನ್ನಡ ಕಲಿಯಬೇಕೆಂಬ ಏರ್ಪಾಡೂ ಇದೆ. ತಮಾಷೆ ನೋಡಿ: ಜನಸಾಮಾನ್ಯ ವರ್ಷಕ್ಕೊಮ್ಮೆಯೂ ಕಾಣದ ದೊಡ್ಡ ಸಾಹೇಬರಿಗೆ ಕನ್ನಡ ಬೇಕು, ದಿನಾ ಎದುರಾಗುವ ಕೌಂಟರಿನವನಿಗೆ ಬಂದರೆ ಬಂತು, ಬರದಿದ್ದರೆ ಇಲ್ಲ.

ಈ ಆಡಳಿತ ಯಂತ್ರವನ್ನು ರಿಪೇರಿ ಮಾಡಲು ದೇಶದಲ್ಲಿ ಎರಡು ಆಡಳಿತ ಸುಧಾರಣಾ ಆಯೋಗಗಳು ಬಂದವು. 1966ರಲ್ಲಿ ಶುರುವಾದ ಮೊದಲನೆಯದನ್ನು ಮೊರಾರ್ಜಿ ದೇಸಾಯಿ ಬಿಟ್ಟ ಮೇಲೆ ಮುಗಿಸಿದವರು ವಿಧಾನಸೌಧ ಕಟ್ಟಿದ ನಮ್ಮ ಕೆಂಗಲ್ ಹನುಮಂತಯ್ಯ. 2005ರ ಎರಡನೆಯದಕ್ಕೆ ಅಧ್ಯಕ್ಷರು ವೀರಪ್ಪ ಮೊಯಿಲಿ. ಇಬ್ಬರೂ ಕನ್ನಡಿಗರು! ಒಬ್ಬರದು 20 ವರದಿ, ಇನ್ನೊಬ್ಬರದು 15. ಮೊದಲ ಆಯೋಗ 1966ರಲ್ಲೇ ಕೇಳಿದ ಲೋಕಪಾಲ ಹುದ್ದೆ ತುಂಬಿದ್ದು 2019ರಲ್ಲಿ. ದೆಹಲಿಗೆ ಬೇಡವಾದ ಕೆಲಸಕ್ಕೆ ಐವತ್ತು ವರ್ಷ, ಬೇಕಾದದ್ದಕ್ಕೆ ಮೂರು ತಿಂಗಳಿಗೊಂದು ವರದಿ.

"ಮೂರನೇ ಭಾಷೆ ಸೇರಿಸಿದರೆ ಖರ್ಚು ಜಾಸ್ತಿ" ಎಂಬ ವಾದವೊಂದಿದೆ. ಅದನ್ನು ನನ್ನ ಮುಂದೆ ಹೇಳಬೇಡಿ. ಒಂದು ಫಾರಂಗೆ ಕನ್ನಡ ಸೇರಿಸಲು ತಗಲುವುದು ಒಂದು ಸಲದ ಅನುವಾದ, ಒಂದು ಸಲದ ಡಿಟಿಪಿ, ಒಂದು ಪ್ರೂಫು. ಪ್ಲೇಟು ಅದೇ, ಕಾಗದ ಅದೇ, ಮಷಿನ್ ಓಡುವ ಹೊತ್ತು ಅದೇ. ಹತ್ತು ಸಾವಿರ ಪ್ರತಿ ಹೊಡೆದರೆ ಪ್ರತಿಯೊಂದರ ಮೇಲೆ ಬೀಳುವ ಹೆಚ್ಚಿನ ಖರ್ಚು ಲೆಕ್ಕಕ್ಕೇ ಸಿಗುವುದಿಲ್ಲ. ಜಾಗ ಸಾಲದೆ? ಅಕ್ಷರದ ಅಳತೆ ಒಂದು ಪಾಯಿಂಟ್ ಇಳಿಸಿ. ಆ ಕಸುಬು ನಮಗೆ ಬಿಡಿ.

ಕೇಳಿದರೆ ಆಗುವುದಿಲ್ಲ ಎಂದೇನಿಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಎಂಟಿಎಸ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ತೀರ್ಮಾನ 2023ರಲ್ಲಿ ಬಂತು. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ 2024ರಲ್ಲಿ ಕನ್ನಡದಲ್ಲೂ ನಡೆಯಿತು. 2025ರ ಜೂನಿನಲ್ಲಿ ರಾಜಭಾಷಾ ಇಲಾಖೆಯೇ ಭಾರತೀಯ ಭಾಷೆಗಳಿಗೊಂದು ವಿಭಾಗ ತೆರೆಯಿತು. ಸ್ವಾಗತ. ಆದರೆ ಯುಪಿಎಸ್‌ಸಿ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇಂದಿಗೂ ಹಿಂದಿ, ಇಂಗ್ಲಿಷಿನಲ್ಲಷ್ಟೇ. ಕೇಂದ್ರದ ಕೆಲಸಗಳಲ್ಲಿ ಕನ್ನಡಿಗರ ಪಾಲು ಕೇಳಿದ ಸರೋಜಿನಿ ಮಹಿಷಿ ವರದಿಗೆ 1986ರಿಂದ ಧೂಳು ಹಿಡಿದಿದೆ.

ಹಾಗಾದರೆ ನಮ್ಮ ಬೇಡಿಕೆ ಏನು? 11ನೇ ನಿಯಮದಲ್ಲಿ "ಆಯಾ ರಾಜ್ಯದ ಅಧಿಕೃತ ಭಾಷೆ" ಎಂಬ ಪದಗಳು ಸೇರಲಿ. ಮೂರು ತಿಂಗಳ ವರದಿಯಲ್ಲಿ ಆ ಭಾಷೆಗೊಂದು ಕಾಲಂ ಬರಲಿ. ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಸೇರಿ ಒಂದು ಸಂಸದೀಯ ಸಮಿತಿಯಾಗಲಿ. ನಾವು ಕಳಿಸಿದ 28 ಲೋಕಸಭಾ ಸದಸ್ಯರು, 12 ರಾಜ್ಯಸಭಾ ಸದಸ್ಯರು ಇದನ್ನು ಎತ್ತಲಿ. ನವೆಂಬರ್ ಒಂದರಂದು ಹೆಗಲ ಮೇಲೆ ಹಳದಿ ಕೆಂಪು ಶಾಲು ಹೊದ್ದು ನಮ್ಮ ವೇದಿಕೆ ಹತ್ತುತ್ತಾರಲ್ಲ, ಅಲ್ಲೇ ಹಿಡಿದು ಕೇಳಿ.

ಅವರು ಏಳುವವರೆಗೆ ನೀವು ಸುಮ್ಮನೆ ಕೂರಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಂ ಪ್ರಕಾರ ಅರ್ಜಿಯನ್ನು ಆ ಪ್ರದೇಶದ ಅಧಿಕೃತ ಭಾಷೆಯಲ್ಲೇ ಕೊಡಬಹುದು. ಕೇಂದ್ರ ಕಚೇರಿಗೂ ಕನ್ನಡದಲ್ಲೇ ಬರೆಯಿರಿ. ಶುಲ್ಕ 10 ರೂಪಾಯಿ. "ಯಾಕೆ ಕನ್ನಡ ಇಲ್ಲ" ಎಂದು ಕೇಳಬೇಡಿ, ಜಾರಿಕೊಳ್ಳುತ್ತಾರೆ. ದಾಖಲೆ ಕೇಳಿ: ಕಳೆದ ವರ್ಷ ಅಚ್ಚು ಹಾಕಿಸಿದ ಫಾರಂಗಳ ಪಟ್ಟಿ ಮತ್ತು ಅವುಗಳ ಭಾಷೆ, ರಾಜಭಾಷಾ ವರದಿಯ ಕೊನೆಯ ನಾಲ್ಕು ಪ್ರತಿ, ಕನ್ನಡದಲ್ಲಿ ಬಂದ ಅರ್ಜಿಗಳ ರಿಜಿಸ್ಟರ್. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ, ಅಲ್ಲೂ ಆಗದಿದ್ದರೆ ಕೇಂದ್ರ ಮಾಹಿತಿ ಆಯೋಗ. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಬಂದ ಉತ್ತರದ ಜೆರಾಕ್ಸ್ ಒಂದನ್ನು ಈ ಪತ್ರಿಕೆಗೆ ಕಳಿಸಿ. ಯಾವ ಕಚೇರಿ ಏನು ಬರೆಯಿತು ಎಂದು ಅಚ್ಚು ಹಾಕುವ ಕೆಲಸ ನನ್ನದು.